ಪದಚರ್ಚೆ: ಕಡುಬಿನ ಒಳಗೆ ಏನಾದರೂ ಇರಲೇಬೇಕೇ?

ಬಳಗದವರಿಗೆ ನಮಸ್ಕಾರ.

ನಮ್ಮ ಬೀದಿಯ ಚೀನೀ ಹೋಟೆಲಿನ ತಿಂಡಿಗಳನ್ನು ಕನ್ನಡದಲ್ಲಿ ಹೆಸರಿಸುವ ಒಂದು ಚೀಟಿ ಬರೆಯಲು ಕೂತಿದ್ದೇನೆ. ಅರ್ಧಕ್ಕೇ ನಿಂತಿದೆ. ನಿಮ್ಮ ಊರಿನ ಮಾತುಗಳು ಸಿಕ್ಕರೆ ಮುಂದೆ ಹೋಗಬಹುದು.

ನಾವಿರುವುದು ನ್ಯೂಯಾರ್ಕ್ ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ, ಏಳನೇ ನಂಬರ್ ರೈಲಿನ ಕೊನೆಯ ನಿಲ್ದಾಣದ ಹತ್ತಿರ. ಇಲ್ಲಿನ ಬೌನ್ ಸ್ಟ್ರೀಟ್‌ನಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣಪತಿ ದೇವಸ್ಥಾನವಿದೆ. ಅದರ ನೆಲಮಾಳಿಗೆಯ ಕ್ಯಾಂಟೀನಿನ ದೋಸೆ ನಿಮ್ಮಲ್ಲಿ ಕೆಲವರು ತಿಂದೇ ಇರುತ್ತೀರಿ. ಅಲ್ಲಿಂದ ಇಪ್ಪತ್ತು ನಿಮಿಷ ನಡೆದು ಮೇನ್ ಸ್ಟ್ರೀಟ್‌ಗೆ ಬಂದರೆ ಬೋರ್ಡುಗಳೆಲ್ಲ ಚೀನೀ ಅಕ್ಷರದವು. ನಮ್ಮ ಬೀದಿಯ ಮೂಲೆಯಲ್ಲೂ ಎಂಟು ಟೇಬಲ್ಲಿನ ಒಂದು ಚೀನೀ ಹೋಟೆಲಿದೆ. ಅನ್ನಕ್ಕಿಂತ ಗೋಧಿಯ ತಿಂಡಿ ಜಾಸ್ತಿ. ನಡೆಸುವವರು ಚೀನಾದ ಈಶಾನ್ಯದವರು, ಅಂದರೆ ಹಿಂದೆ ಮಂಚೂರಿಯಾ ಎನ್ನುತ್ತಿದ್ದ ಸೀಮೆಯವರು. (ಗೋಬಿ ಮಂಚೂರಿ ಇದೆಯೇ ಎಂದು ಕೇಳಬೇಡಿ. ನಾನು ಕೇಳಿ ನಗೆಪಾಟಲಾಗಿದ್ದೇನೆ. ಅದು ಹುಟ್ಟಿದ್ದು ನಮ್ಮ ದೇಶದಲ್ಲೇ.)

ಕಳೆದ ಬೇಸಿಗೆಯಲ್ಲಿ ಮಗುವಿನ ನಾಮಕರಣಕ್ಕೆಂದು ನಮ್ಮಮ್ಮ, ಅತ್ತೆ ಇಬ್ಬರೂ ಬಂದಿದ್ದರು. ಅಮ್ಮ ತೀರ್ಥಹಳ್ಳಿ ಕಡೆಯವರು, ಅತ್ತೆ ಧಾರವಾಡದವರು. ಒಂದು ಸಂಜೆ ಇಬ್ಬರನ್ನೂ ಆ ಹೋಟೆಲಿಗೆ ಕರೆದುಕೊಂಡು ಹೋದೆವು. ಎಲೆಕೋಸು, ಅಣಬೆ, ಶಾವಿಗೆ ತುಂಬಿದ ಜ್ಯಾವ್‌ಜ ಬಂತು. ಗೋಧಿಹಿಟ್ಟಿನ ತೆಳು ಹಾಳೆ, ಅರ್ಧಚಂದ್ರದ ಆಕಾರ, ಅಂಚಿಗೆ ಒತ್ತಾದ ನೆರಿಗೆ, ಕುದಿಯುವ ನೀರಿನಲ್ಲಿ ಬೇಯಿಸಿದ್ದು.

ಅತ್ತೆ ನೋಡಿದ್ದೇ ತಡ, "ಇವು ನಮ್ಮ ಕಡಬು ಅಲ್ಲೇನ್ರಿ? ಬೆಲ್ಲಾ ಹಾಕಿಲ್ಲ, ಅಷ್ಟ" ಅಂದರು.

ಅಮ್ಮ ಒಪ್ಪಲಿಲ್ಲ. "ಇದೆಂಥ ಕಡುಬು? ಕಡುಬಿನ ಒಳಗೆ ಎಂಥದೂ ಇರೂದಿಲ್ಲ."

"ಒಳಗ ಏನೂ ಇರಲಿಲ್ಲಾ ಅಂದ್ರ ಅದು ಬರೇ ಹಿಟ್ಟಿನ ಉಂಡಿ ಆತಲ್ರಿ, ಬೀಗರ!"

ಅಮ್ಮ ಹೇಳುವುದು ಮಲೆನಾಡಿನ ಅಕ್ಕಿ ಕಡುಬು. ಅಕ್ಕಿ ತರಿಯನ್ನು ನೀರಲ್ಲಿ ಗೊಟಾಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದ್ದು. ಒಳಗೆ ಖಾಲಿ. ಚಟ್ನಿಯೋ ಸಾರೋ ಪಕ್ಕದಲ್ಲಿ. ಕರಾವಳಿಯ ಕೊಟ್ಟೆ ಕಡುಬೂ ಹಾಗೇ, ಹಲಸಿನೆಲೆಯ ಕೊಟ್ಟೆಯಲ್ಲಿ ಹಿಟ್ಟು ಹುಯ್ದು ಬೇಯಿಸುತ್ತಾರೆ, ಹೂರಣದ ಮಾತೇ ಇಲ್ಲ. ಅತ್ತೆಯವರ ಕಡಬು ಗೋಧಿಯದು, ಒಳಗೆ ಕಡಲೆಬೇಳೆ-ಬೆಲ್ಲದ ಹೂರಣ. ಕರಿದರೆ ಕರಿಗಡಬು. ಮೈಸೂರಿನ ಕಡೆ ಚೌತಿಗೆ ಕಾಯಿ-ಬೆಲ್ಲದ ಸಿಹಿ ಕಡುಬಿನ ಜೊತೆ ಉದ್ದಿನ ಖಾರದ ಕಡುಬೂ ಆಗುತ್ತದೆ. ಹಾಗಾಗಿ ಒಳಗೆ ಸಿಹಿಯೇ ಇರಬೇಕು ಎನ್ನುವ ನಿಯಮವೂ ನಿಲ್ಲುವುದಿಲ್ಲ.

ಇಬ್ಬರಲ್ಲಿ ಯಾರು ಸರಿ ಎಂಬ ಜಗಳಕ್ಕೆ ನಾನು ಕೈ ಹಾಕಲಿಲ್ಲ. ಆದರೆ ಹೋಟೆಲಿನ ಯಜಮಾನ್ತಿಗೆ (ಇಲ್ಲಿ ಎಲ್ಲರೂ ಆಕೆಯನ್ನು ಲಾವ್‌ಬಾನ್‌ನ್ಯಾಂಗ್ ಎಂದೇ ಕರೆಯುತ್ತಾರೆ, ಮಾಲೀಕನ ಹೆಂಡತಿ ಅಂತ) ಈ ಜಗಳದ ವಿಷಯ ಹೇಳಿದೆ. ಆಕೆ ಜೋರಾಗಿ ನಕ್ಕರು. ಅವರಲ್ಲೂ ಇದೇ ಜಗಳ ಇದೆಯಂತೆ, ಮಾನ್‌ಥೋ ಎಂಬ ಮಾತಿನ ಮೇಲೆ.

ಉತ್ತರ ಚೀನಾದಲ್ಲಿ ಮಾನ್‌ಥೋ ಎಂದರೆ ಹುಳಿ ಬರಿಸಿದ ಗೋಧಿಹಿಟ್ಟಿನ ಬಿಳಿ ಉಂಡೆ. ಹಬೆಯಲ್ಲಿ ಬೆಂದದ್ದು, ಒಳಗೆ ಏನೂ ಇಲ್ಲ. ತುಂಬಿದ್ದರೆ ಅದು ಬಾವ್‌ಜ. ಶಾಂಘೈ ಕಡೆ ಹೋದರೆ ಒಳಗೆ ಮಾಂಸ ತುಂಬಿದ್ದಕ್ಕೂ ಮಾನ್‌ಥೋ ಎಂದೇ ಹೆಸರು. ಹಳೆಯ ಚೀನೀ ಬರಹಗಳಲ್ಲೂ ಮಾನ್‌ಥೋ ತುಂಬಿದ ತಿಂಡಿಯೇ. ಈ ಪದ ದೇಶ ದಾಟಿದಾಗ ತುಂಬಿಕೊಂಡೇ ದಾಟಿದೆ. ಕೊರಿಯಾದ ಮಂಡು, ಮಧ್ಯ ಏಷ್ಯಾ ಮತ್ತು ತುರ್ಕಿಯ ಮಂತಿ, ಎರಡರ ಒಳಗೂ ಹೂರಣ ಇದೆ. ಇವೆಲ್ಲ ಒಂದೇ ಬಳಗದ ಪದಗಳು ಎಂದು ಬಲ್ಲವರು ಹೇಳುತ್ತಾರೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಮೋಮೋ. ಉತ್ತರ ಮತ್ತು ವಾಯವ್ಯ ಚೀನಾದ ಆಡುಮಾತಿನಲ್ಲಿ 'ಮೋ' ಅಥವಾ 'ಮೋಮೋ' ಎಂದರೆ ಇದೇ ಬಿಳಿ ಉಂಡೆ, ರೊಟ್ಟಿಯಂಥವು. ಟಿಬೆಟಿನ ಮೋಮೋ ಅಲ್ಲಿಂದಲೇ ಬಂದದ್ದು ಎನ್ನುತ್ತಾರೆ. ಆದರೆ ಬೈಲಕುಪ್ಪೆಗೋ ಮುಂಡಗೋಡಿಗೋ ಹೋಗಿ ಮೋಮೋ ಕೇಳಿ. ತುಂಬಿದ್ದೇ ಬರುತ್ತದೆ. ಖಾಲಿ ಇರುವುದು ಬೇಕಿದ್ದರೆ ಟಿಂಗ್ಮೋ ಎಂದು ಬೇರೆಯಾಗಿ ಕೇಳಬೇಕು. ಖಾಲಿ ಉಂಡೆಯ ಹೆಸರು ಘಟ್ಟವೊಂದನ್ನು ಹತ್ತಿ ಇಳಿಯುವಷ್ಟರಲ್ಲಿ ತುಂಬಿಬಿಟ್ಟಿದೆ, ನೋಡಿ.

ಹಾಗಾಗಿ ನನ್ನ ಅನಿಸಿಕೆ ಇಷ್ಟು: ಜ್ಯಾವ್‌ಜಕ್ಕೆ ಕನ್ನಡದಲ್ಲಿ ಕಡುಬು ಎನ್ನಲು ಅಂಜಬೇಕಿಲ್ಲ. ಕಡುಬು ಕೆಲವೆಡೆ ಖಾಲಿ, ಕೆಲವೆಡೆ ತುಂಬಿದೆ ಎಂಬುದು ಪದದ ದೋಷವಲ್ಲ. ಈ ಜಾತಿಯ ತಿಂಡಿಗಳ ಹೆಸರಿನ ಗುಣವೇ ಅದು ಅನ್ನಿಸುತ್ತದೆ. ಅದರಲ್ಲೂ ಧಾರವಾಡದ ಕಡಬಿಗೂ ಇದಕ್ಕೂ ಆಕಾರ, ಹಿಟ್ಟು ಎರಡೂ ಒಂದೇ. ವಾಯವ್ಯ ಚೀನಾದ ತುರ್ಫಾನ್ ಹತ್ತಿರದ ಅಸ್ತಾನಾ ಗೋರಿಗಳಲ್ಲಿ ತಾಂಗ್ ಅರಸರ ಕಾಲದ (618–907) ಒಣಗಿದ ಜ್ಯಾವ್‌ಜ ಸಿಕ್ಕಿವೆ. ಅದರ ಚಿತ್ರ ತೋರಿಸಿದಾಗ ಅತ್ತೆ, "ನೋಡ್ರಿ, ಕಡಬ!" ಎಂದು ಗೆದ್ದವರ ಹಾಗೆ ಅಮ್ಮನ ಕಡೆ ತಿರುಗಿದರು.

'ಮೋಮೋ ಎಲ್ಲರಿಗೂ ಗೊತ್ತು, ಅದನ್ನೇ ಬರೆದರಾಯಿತು' ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಬೆಂಗಳೂರಿನ ಹುಡುಗರಿಗೆ ಸರಿ. ನಾನು ಚೀಟಿ ಬರೆಯುತ್ತಿರುವುದು ಇಲ್ಲಿಗೆ ಬಂದು ಹೋಗುವ ಅಪ್ಪ-ಅಮ್ಮಂದಿರಿಗೆ. ಯಜಮಾನ್ತಿ ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಲು ಒಪ್ಪಿದ್ದಾರೆ. ದೇವಸ್ಥಾನದಿಂದ ಬರುವ ಕನ್ನಡದ ಹಿರಿಯರು ಬಾಗಿಲಲ್ಲೇ ನಿಂತು, ಒಳಗೆ ಏನಿದೆಯೋ ಎಂದು ವಾಪಸ್ ಹೋಗುವುದನ್ನು ಆಕೆಯೂ ನೋಡಿದ್ದಾರೆ.

ಬರೆಯುತ್ತಾ ಹೋದ ಹಾಗೆ ಒಂದು ಖುಷಿ ಸಿಕ್ಕಿತು. ಇಂಗ್ಲಿಷ್ ಮೆನುವಿಗಿಂತ ಕನ್ನಡದಲ್ಲಿ ಈ ಅಡುಗೆ ಸಲೀಸು. ಅವರು ಹೊರಗಿನ ಹಾಳೆಗೆ 'ಫಿ', ಒಳಗಿನದಕ್ಕೆ 'ಶ್ಯೆನ್' ಎಂದು ಎರಡು ಚಿಕ್ಕ ಮಾತು ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹೋಳಿಗೆಯಿಂದಾಗಿ ಕಣಕ, ಹೂರಣ ರೆಡಿ ಇವೆ. ಆದರೆ ಅಣಬೆ-ಕೋಸಿಗೆ ಹೂರಣ ಅನ್ನಬಹುದೇ? ನನ್ನ ಕಿವಿಗೆ ಹೂರಣ ಅಂದ ಕೂಡಲೇ ಬೆಲ್ಲದ ವಾಸನೆ ಬರುತ್ತದೆ. ಮಸಾಲೆ ದೋಸೆಯ ಒಳಗಿನದಕ್ಕೆ ಪಲ್ಯ ಅನ್ನುತ್ತೇವೆ. ಉದ್ದಿನ ಕಡುಬಿನ ಒಳಗಿನದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಹಾಗೆಯೇ ಕಡುಬು, ಕರ್ಜಿಕಾಯಿಗಳ ಅಂಚನ್ನು ಬೆರಳಿಂದ ಮಡಚಿ ಮಡಚಿ ಮುಚ್ಚುತ್ತಾರಲ್ಲ, ಆ ಕೆಲಸಕ್ಕೆ ಬೇರೆ ಹೆಸರಿದೆಯೇ? ನಾನು ಸೀರೆಯಿಂದ ನೆರಿಗೆಯನ್ನು ಎರವಲು ತಂದಿದ್ದೇನೆ.

ಸೌತೆಕಾಯಿಯ ತಿಂಡಿಯೊಂದಿದೆ. ಅಗಲ ಕತ್ತಿಯ ಮಗ್ಗುಲಿಂದ ಸೌತೆಕಾಯಿಯನ್ನು ಹೊಡೆದು ಸೀಳು ಬಿಡಿಸಿ, ಬೆಳ್ಳುಳ್ಳಿ, ಕಪ್ಪು ವಿನೆಗರ್ ಹಾಕಿ ಕಲಸುತ್ತಾರೆ. ಇದಕ್ಕೆ ನಾವು ತಲೆ ಕೆಡಿಸಿಕೊಳ್ಳಬೇಕಾಗಿಯೇ ಇಲ್ಲ. ಜಜ್ಜಿದ ಸೌತೆಕಾಯಿ! ಹೆಚ್ಚಿದ್ದಲ್ಲ, ತುರಿದದ್ದಲ್ಲ, ಜಜ್ಜಿದ್ದು. ಅಂದಹಾಗೆ ಉತ್ತರದವರ ಹೆಸರಾಂತ ಶಾನ್‌ಶಿ ವಿನೆಗರ್ ಮುಖ್ಯವಾಗಿ ಜೋಳದಿಂದ ಮಾಡಿದ್ದು, ವಿಜಯಪುರದವರು ಬೀಗಿದರೆ ತಪ್ಪಿಲ್ಲ.

'ಹುರಿ' ಕೂಡ ಹೀಗೇ ಕೂಡಿ ಬಂತು. ಅವರು ಬಾಣಲೆಯಲ್ಲಿ ಎಣ್ಣೆ ಹಾಕಿ ತರಕಾರಿ ಹುರಿದರೂ, ಎಣ್ಣೆ ಇಲ್ಲದೆ ಕಡಲೆಕಾಯಿ ಹುರಿದರೂ 'ಛಾವ್' ಎಂಬ ಒಂದೇ ಮಾತು. ನಮ್ಮ ಹುರಿಗಡಲೆಯ ಹುರಿಯೂ, ಈರುಳ್ಳಿ ಹುರಿಯುವ ಹುರಿಯೂ ಒಂದೇ ಅಲ್ವಾ? ಎಣ್ಣೆಯಲ್ಲಿ ಮುಳುಗಿಸುವುದಕ್ಕೆ ನಮ್ಮ 'ಕರಿ', ಅವರ 'ಝಾ'. ಇಂಗ್ಲಿಷಿನವರು ಇಲ್ಲೆಲ್ಲ ಒಂದಕ್ಕೊಂದು ಕಲಸಿಕೊಂಡಿದ್ದಾರೆ.

ಇನ್ನು ಗಂಜಿ. ಮೆನುವಿನಲ್ಲಿ ಇಂಗ್ಲಿಷಿನಲ್ಲಿ 'ಮಿಲೆಟ್ ಕಾಂಜಿ' ಎಂದಿದೆ. ಆ ಕಾಂಜಿ ನಮ್ಮ ಗಂಜಿಯೇ, ತಮಿಳು-ಮಲಯಾಳದ ಕಂಜಿ, ಪೋರ್ಚುಗೀಸರ ಕೈಯಿಂದ ಇಂಗ್ಲಿಷಿಗೆ ದಾಟಿದ್ದು. ಚೀನಾದವರು ಅದಕ್ಕೆ ಅನ್ನುವುದು 'ಝೋ'. ಒಳಗಿರುವ ಧಾನ್ಯ ಹಳದಿ ಬಣ್ಣದ ನವಣೆ. ಹಳದಿ ನದಿಯ ಬಯಲಿನವರು ಸುಮಾರು 8000 ವರ್ಷಗಳ ಹಿಂದೆಯೇ ನವಣೆ ಬೆಳೆಯುತ್ತಿದ್ದರು. ಚೀನೀ ಭಾಷೆಯಲ್ಲಿ ಅದರ ಹೆಸರು ಶ್ಯಾವ್‌ಮಿ. ಹೌದು, ಫೋನಿನ ಕಂಪನಿಯ ಹೆಸರೂ ಅದೇ. ನಿಮ್ಮ ಜೇಬಿನಲ್ಲಿ ಇರುವುದು ನವಣೆ ಫೋನು!

ಶ್ಯಾವ್ ಎಂದರೆ ಸಣ್ಣ, ಮಿ ಎಂದರೆ ಅಕ್ಕಿ. ಭತ್ತದ ಅಕ್ಕಿಗೆ ದಾಮಿ, ದೊಡ್ಡ ಅಕ್ಕಿ. ಮೊದಲು ನನಗಿದು ವಿಚಿತ್ರ ಅನ್ನಿಸಿತ್ತು, ನವಣೆಯನ್ನು ಯಾಕೆ ಅಕ್ಕಿ ಅನ್ನುತ್ತಾರೆ ಅಂತ. ಆಮೇಲೆ ನಮ್ಮದೇ ನವಣಕ್ಕಿ, ಸಾಮೆ ಅಕ್ಕಿ ನೆನಪಾದವು. ನಮ್ಮ ಅಕ್ಕಿಯೂ ಮೂಲದಲ್ಲಿ ಹೊಟ್ಟು ಬಿಡಿಸಿದ ಕಾಳು, ಭತ್ತಕ್ಕೆ ಮೀಸಲಲ್ಲ. ಅವರ 'ಮಿ' ಕೂಡ ಹಾಗೆಯೇ. ಚೀಟಿಯಲ್ಲಿ 'ನವಣಕ್ಕಿ ಗಂಜಿ' ಎಂದು ಬರೆದಿದ್ದೇನೆ. ಇದನ್ನು ಯಾರೂ ತಿದ್ದುವುದು ಬೇಡ.

ಸಸ್ಯಾಹಾರದ ವಿಷಯ ಸ್ವಲ್ಪ ತೊಡಕು. ಮೊದಲ ಸಲ ಹೋದಾಗ 'ಸು' (ಮಾಂಸ ಇಲ್ಲದ್ದು) ಎಂದು ಕೇಳಿದ್ದೆವು. ಮೊಟ್ಟೆ ಹಾಕಿದ ಕಡುಬು ಬಂತು. ಅವರ ತಪ್ಪಲ್ಲ, ದಿನಬಳಕೆಯಲ್ಲಿ ಮೊಟ್ಟೆ ಎಷ್ಟೋ ಸಲ ಆ ಮಾತಿನೊಳಗೆ ಸೇರಿಕೊಳ್ಳುತ್ತದೆ. ಇದರ ಎದುರು ಮಾತು 'ಹುನ್', ಈಗ ಮಾಂಸದಡುಗೆ ಎಂದು ಅರ್ಥ. ಆದರೆ ಆ ಅಕ್ಷರದ ನೆತ್ತಿಯ ಮೇಲೆ ಇರುವುದು ಹುಲ್ಲಿನ ಗುರುತು. ಯಾಕೆಂದರೆ ಹಿಂದೆ ಹುನ್ ಎಂದರೆ ಬೆಳ್ಳುಳ್ಳಿ, ಈರುಳ್ಳಿಯಂಥ ಘಾಟಿನ ಸೊಪ್ಪು-ಗಡ್ಡೆಗಳು. ಬೌದ್ಧ ಸನ್ಯಾಸಿಗಳು ಇವತ್ತಿಗೂ ಅವನ್ನು ಮುಟ್ಟುವುದಿಲ್ಲ. 'ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದಾರಾ?' ಎಂದು ಕೇಳುವ ನಮ್ಮ ಮಡಿ ಅಜ್ಜಿಯರಿಗೆ ಆ ಅಕ್ಷರ ಥಟ್ಟನೆ ಅರ್ಥವಾದೀತು.

ಊಟದ ಕೊನೆಗೆ ಯಜಮಾನ್ತಿ ಬಟ್ಟಲಲ್ಲಿ ಬಿಸಿ ಬಿಸಿ ಮಬ್ಬು ನೀರು ತಂದಿಟ್ಟರು. ಕಡುಬು ಬೇಯಿಸಿದ ನೀರು, ಉಪ್ಪು ಕೂಡ ಇಲ್ಲ. ಬೇಯಿಸಿದ ನೀರೇ ತಿಂದದ್ದನ್ನು ಅರಗಿಸುತ್ತದೆ ಎಂದು ಉತ್ತರದವರ ಒಂದು ಗಾದೆ. ಅತ್ತೆ ಇದಕ್ಕೆ 'ಕಟ್ಟು' ಅಂದರು, ಹೋಳಿಗೆಯ ಬೇಳೆ ಬಸಿದ ನೀರಿಗೆ ಕಟ್ಟು ಅನ್ನುವ ಹಾಗೆ. ಅಮ್ಮ 'ತಿಳಿ' ಅಂದರು. ಬಾಯಿ ಬಿಟ್ಟು ಹೇಳದಿದ್ದರೂ ಇಬ್ಬರಿಗೂ ಆ ಊಟದಲ್ಲಿ ಜಾಸ್ತಿ ಹಿಡಿಸಿದ್ದು ಇದೇ ಇರಬೇಕು, ಎರಡೆರಡು ಸಲ ಹಾಕಿಸಿಕೊಂಡರು.

ಈಗ ನಾನು ನಿಂತಿರುವ ಜಾಗಕ್ಕೆ ಬರುತ್ತೇನೆ. ಇದೇ ಕಡುಬನ್ನು ಇನ್ನೊಂದು ಥರ ಮಾಡುತ್ತಾರೆ. ಚಪ್ಪಟೆ ಬಾಣಲೆಗೆ ಎಣ್ಣೆ ಸವರಿ ಸಾಲಾಗಿ ಇಡುತ್ತಾರೆ. ತಳ ಕೆಂಪಾಗುವಾಗ ನೀರು ಹಾಕಿ ಮುಚ್ಚಳ ಮುಚ್ಚುತ್ತಾರೆ. ನೀರು ಇಂಗಿದ ಮೇಲೆ ತಳ ಗರಿಗರಿ, ಮೇಲ್ಭಾಗ ಹಬೆಯಲ್ಲಿ ಬೆಂದು ಮೆತ್ತಗೆ. ತಿರುಗಿಸುವುದಿಲ್ಲ. ಹೆಸರು ಗ್ವೊಥ್ಯೆ, 'ಬಾಣಲೆಗೆ ಅಂಟಿದ್ದು' ಅಂತ. ಹಬೆಯದಕ್ಕೆ 'ಹಬೆ ಕಡುಬು' ಅಂದೆ, ನೀರಿನದಕ್ಕೆ 'ನೀರು ಕಡುಬು'. ಇದಕ್ಕೆ ಏನನ್ನಲಿ? ಕರಿದದ್ದಲ್ಲ, ಹುರಿದದ್ದಲ್ಲ, ಸುಟ್ಟದ್ದೂ ಅಲ್ಲ. ಹೆಂಡತಿ ಸುಮ್ನೆ ಇರದೆ 'ತಳ ಹತ್ತಿದ ಕಡಬು' ಅಂದಳು. ಅದು ಹೆಸರಿಗೆ ತಕ್ಕ ಮಾತೇ. ಆದರೆ ತಳ ಹತ್ತಿದೆ ಅಂದರೆ ನಮ್ಮಲ್ಲಿ ಯಾರಾದರೂ ದುಡ್ಡು ಕೊಟ್ಟು ತಿನ್ನುತ್ತಾರಾ?

ಪಡ್ಡು ಮಾಡುವುದು ಹೆಚ್ಚು ಕಡಿಮೆ ಹೀಗೇ. ಗುಳಿಗೆ ಎಣ್ಣೆ ಬಿಟ್ಟು, ಹಿಟ್ಟು ಹುಯ್ದು, ಮುಚ್ಚುವುದು. ಆದರೆ ಪಡ್ಡಿಗೂ ನಾವು 'ಪಡ್ಡು ಹಾಕು' ಎನ್ನುತ್ತೇವೆಯೇ ಹೊರತು ಬೇಯುವ ಬಗೆಗೆ ಬೇರೆ ಮಾತು ಇಟ್ಟಿಲ್ಲ, ಅಥವಾ ನನ್ನ ಕಿವಿಗೆ ಬಿದ್ದಿಲ್ಲ. ದಾವಣಗೆರೆ, ಹಾವೇರಿ, ಬಳ್ಳಾರಿ ಕಡೆಯವರು ದಯವಿಟ್ಟು ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ. ಮುಚ್ಚಿಟ್ಟು ತಳ ಕೆಂಪಾಗಿಸುವುದಕ್ಕೆ ನಿಮ್ಮಲ್ಲಿ ಒಂದು ಕ್ರಿಯಾಪದ ಇದ್ದೇ ಇರಬೇಕು ಎಂದು ನನ್ನ ಗುಮಾನಿ.

ಚೀಟಿಯಲ್ಲಿ ಆ ಒಂದು ಸಾಲಿನ ಮುಂದೆ ಬೆಲೆ ಮಾತ್ರ ಬರೆದಿದ್ದೇನೆ, ಹೆಸರಿನ ಜಾಗ ಖಾಲಿ ಇದೆ. ಶನಿವಾರ ಬೆಳಿಗ್ಗೆ ಪ್ರಿಂಟ್ ಹಾಕಿಸಬೇಕು.