ಮೂಡಿಗೆರೆ ತೋಟದ ಕಂದು ಹಾತೆ: ಕುಟುಂಬವೇ ಗೊತ್ತಾಗುತ್ತಿಲ್ಲ

ತೋಟದಮನೆ, ಮೂಡಿಗೆರೆ:
ಮಳೆ ಹಿಡಿದ ವಾರ ಜಗಲಿಯ ಟ್ಯೂಬ್‌ಲೈಟಿಗೆ ಬಂದ ಹಾತೆ (ಪತಂಗ) ಇದು. ಮುಂರೆಕ್ಕೆ ಬುಡದಿಂದ ತುದಿಗೆ 11 ಮಿ.ಮೀ. ಒಣಗಿದ ಸಿಲ್ವರ್ ಓಕ್ ಎಲೆಯ ಬಣ್ಣ, ಅಡ್ಡಕ್ಕೆ ಎರಡು ಅಲೆಗೆರೆ. ರೆಕ್ಕೆ ಚಪ್ಪಟೆಯಾಗಿ ಹರಡಿಕೊಂಡು ಗೋಡೆಗೆ ಅಂಟಿ ಕೂರುತ್ತದೆ, ಅದಕ್ಕೇ ಜಿಯೊಮೆಟ್ರಿಡೇ ಕುಟುಂಬದ್ದು ಅಂದುಕೊಂಡೆ. ಮೂರು ರಾತ್ರಿ ಫೋಟೊಗಳ ಜೊತೆ ಹೋಲಿಸಿದರೂ ಒಂದೂ ತಾಳೆಯಾಗಲಿಲ್ಲ. ಸತ್ತ ಎರಡು ಹಾತೆ ಡಬ್ಬಿಯಲ್ಲಿವೆ. ಒಂದರ ಬಣ್ಣ ಮಸುಕು. ಅದು ಬೇರೆ ಜಾತಿಯೇ?

ಸಕಲೇಶಪುರದವ:
ಮಾರಾಯ್ರೇ, ಫೋಟೊ ಹೋಲಿಸುವುದನ್ನು ಸದ್ಯಕ್ಕೆ ಬಿಡಿ. ಕಂದು ಬಣ್ಣ, ಅಲೆಗೆರೆ ಎಷ್ಟೋ ಕುಟುಂಬಗಳಲ್ಲಿವೆ, ಕೂರುವ ಭಂಗಿಯೂ ಹಾಗೆಯೇ. 10 ಪಟ್ಟಿನ ಲೆನ್ಸಿನಲ್ಲಿ ತಲೆ ನೋಡಿ. ಸುರುಳಿ ಸುತ್ತಿದ ಹೀರುಕೊಳವೆಯ ಬುಡದಲ್ಲಿ ಹುರುಪೆ (ರೆಕ್ಕೆಯ ಮೇಲಿನ ಪುಡಿಯಂಥದ್ದು) ಇದೆಯಾ? ಜಿಯೊಮೆಟ್ರಿಡೇಯಲ್ಲಿ ಅಲ್ಲಿ ಬೋಳು. ಪೈರಲಿಡೇ, ಕ್ರಾಂಬಿಡೇ ಕುಟುಂಬಗಳು ಸೇರುವ ಪೈರಲಾಯ್ಡಿಯಾ ಗುಂಪಿನಲ್ಲಿ ಹುರುಪೆ ಹೊದ್ದಿರುತ್ತದೆ.

ತೋಟದಮನೆ:
ಇದೆ! ಬುಡವೆಲ್ಲ ಬೂದು ಹುರುಪೆ. ತುಟಿಯ ಎರಡು ಕುಡಿಗಳು ಕೊಕ್ಕಿನ ಹಾಗೆ ಮುಂದಕ್ಕೆ ಚಾಚಿವೆ.

ಸಕಲೇಶಪುರದವ:
ಹಾಗಾದರೆ ಜಿಯೊಮೆಟ್ರಿಡೇ ಅಲ್ಲ. ಇನ್ನು ಉಳಿದದ್ದು ಪೈರಲಿಡೇಯೋ ಕ್ರಾಂಬಿಡೇಯೋ ಎಂಬುದು. ಇವುಗಳ ಕಿವಿ ಇರುವುದು ಹೊಟ್ಟೆಯ ಬುಡದ ಕೆಳಮೈಯಲ್ಲಿ, ಅಲ್ಲಿ ಎರಡು ಪುಟ್ಟ ಗೂಡುಗಳಿವೆ. ಗೂಡಿನ ಮುಂಬದಿ ತೆರೆದಿದ್ದರೆ ಕ್ರಾಂಬಿಡೇ, ಮುಚ್ಚಿದ್ದರೆ ಪೈರಲಿಡೇ. ಒಣಗಿದ ಹಾತೆಯಲ್ಲಿ ಇದು ಕಾಣದೆ ಹೋದರೆ ರೆಕ್ಕೆಗೆ ಬನ್ನಿ. ಕುಂಚದಿಂದ ಒಂದು ಹನಿ ಸ್ಪಿರಿಟ್ ಹಚ್ಚಿ. ಆರುವವರೆಗೆ ಹುರುಪೆ ಪಾರದರ್ಶಕವಾಗಿ ನರಗಳು ಕಾಣುತ್ತವೆ. ಮುಂರೆಕ್ಕೆಯ ಆರ್‌5 ನರ (ರೇಡಿಯಸ್ ಎಂಬ ನರದ ಐದನೆಯ ಕವಲು) ಸಾಮಾನ್ಯವಾಗಿ ಕ್ರಾಂಬಿಡೇಯಲ್ಲಿ ಒಂಟಿಯಾಗಿ ಹೊರಡುತ್ತದೆ, ಪೈರಲಿಡೇಯಲ್ಲಿ ಪಕ್ಕದ ನರಗಳ ಜೊತೆ ಒಂದೇ ಕಾಂಡದಿಂದ. ಮಸುಕು ಹಾತೆಯ ಹಿಂರೆಕ್ಕೆಯ ಬುಡವನ್ನೂ ನೋಡಿ, ಮುಂರೆಕ್ಕೆಗೆ ಕೊಕ್ಕೆಯಾಗುವ ಬಿರುಗೂದಲು ಅಲ್ಲಿರುತ್ತದೆ. ದಪ್ಪದ್ದು ಒಂದೇ ಇದ್ದರೆ ಹೆಚ್ಚಾಗಿ ಗಂಡು, ತೆಳ್ಳಗಿನವು ಎರಡು ಮೂರು ಇದ್ದರೆ ಸಾಮಾನ್ಯವಾಗಿ ಹೆಣ್ಣು.

ತೋಟದಮನೆ:
ಆರ್‌5 ಒಂಟಿಯಾಗಿದೆ. ಕಿವಿಗೂಡಿನ ಮುಂಬದಿಯೂ ತೆರೆದಿದೆ. ಮಸುಕಿನದರಲ್ಲಿ ಎರಡು ಬಿರುಗೂದಲು, ಇನ್ನೊಂದರಲ್ಲಿ ದಪ್ಪದ್ದು ಒಂದೇ. ಜಾತಿ ಬೇರೆಯಲ್ಲ, ಗಂಡು ಹೆಣ್ಣು ಅನ್ನಿಸುತ್ತಿದೆ.

ಸಕಲೇಶಪುರದವ:
ಕ್ರಾಂಬಿಡೇ. ಗಂಡು ಹೆಣ್ಣೆಂಬ ಊಹೆ ಸರಿಯಿರಬಹುದು, ಆದರೆ ಜಾತಿಯ ಹೆಸರು ಹಾಕಲು ಅವಸರ ಬೇಡ, ಅಲ್ಲೇ ತಪ್ಪುಗಳಾಗುವುದು. ಗಂಡಿನ ಹೊಟ್ಟೆ ಬೇರ್ಪಡಿಸಿ 10% ಕಾಸ್ಟಿಕ್ ಪೊಟ್ಯಾಷ್‌ನಲ್ಲಿ ರಾತ್ರಿಯಿಡೀ ನೆನೆಸಿಡಿ (ಕೈಗವಸು, ಕನ್ನಡಕ ಮರೆಯಬೇಡಿ). ಮೆದುವಾದ ಒಳಭಾಗವನ್ನು ನೀರಿನಲ್ಲಿ ತೊಳೆದರೆ, ಜಾತಿ ಗುರುತಿಸಲು ನೋಡಬೇಕಾದ ಜನನಾಂಗದ ಗಟ್ಟಿ ಭಾಗಗಳು ಉಳಿಯುತ್ತವೆ. ಹಿಡಿಯುವ ಎರಡು ಕವಾಟ, ಮೇಲಿನ ಕೊಕ್ಕೆ, ನಡುವಿನ ನಳಿಕೆ, ಮೂರರದ್ದೂ ಬೇರೆ ಬೇರೆ ಚಿತ್ರ ತೆಗೆಯಿರಿ. ಆಮೇಲೆ ಗ್ಲಿಸರಿನ್ ಸೀಸೆಯಲ್ಲಿಟ್ಟು ಹಾತೆಯದೇ ಸಂಖ್ಯೆ ಬರೆಯಿರಿ, ಒಂದರದ್ದು ಇನ್ನೊಂದಕ್ಕೆ ಬೆರೆತರೆ ಕೆಲಸವೆಲ್ಲ ನೀರುಪಾಲು. ಹೋಲಿಕೆಗೆ ಭಾರತದ ಹಾತೆಗಳ ಬಗ್ಗೆ ಹ್ಯಾಂಪ್ಸನ್ ಬರೆದ 1896ರ ಸಂಪುಟ ತೆಗೆದರೆ ಪೈರಲಿಡೇ ಕೆಳಗೆ ಹುಡುಕಿ. ಇಂದಿನ ಕ್ರಾಂಬಿಡೇ ಆಗ ಅದರೊಳಗೇ ಇತ್ತು. ಹಳೆಯ ವರ್ಣನೆಗಳು ಹೆಚ್ಚಾಗಿ ರೆಕ್ಕೆಯ ಬಣ್ಣದ ಮೇಲೆಯೇ ನಿಂತಿವೆ, ಹಾಗಾಗಿ ಅವುಗಳ ಹೆಸರನ್ನು ನೇರವಾಗಿ ತೆಗೆದುಕೊಳ್ಳಬೇಡಿ.

ತೋಟದಮನೆ:
ಭಾನುವಾರ ಮಾಡಿ ಚಿತ್ರ ಹಾಕುತ್ತೇನೆ. ಹೆಣ್ಣಿನದೂ ಬೇಕಾ?

ಸಕಲೇಶಪುರದವ:
ಬೇಕು. ಇನ್ನೊಂದು, ಚೀಟಿಯಲ್ಲಿ ದಿನಾಂಕ, ಊರು, ಎತ್ತರ, ಯಾವ ದೀಪ ಎಂಬುದನ್ನು ಈಗಲೇ ಬರೆದಿಡಿ.