ಉದುರೆಲೆ, ಹಸಿ ಕಸ, ಕಸದ ಆಟೋ: ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಪ್ರಶ್ನೆ:
ಹತ್ತು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದವರು ಈಗ ಬೆಂಗಳೂರಲ್ಲೇ ಒಂದು ಹಳೇ ಬಾಡಿಗೆ ಮನೆಗೆ ಬಂದಿದ್ದೀವಿ. ಮುಂದೆ ಹೊಂಗೆ, ಹಿತ್ತಲಲ್ಲಿ ಮಾವು. ಮರ ನೋಡಿಯೇ ಮನೆ ಒಪ್ಪಿದ್ದು, ಈಗ ಮರವೇ ತಲೆನೋವು. ದಿನಕ್ಕೆ ಎರಡು ಮಂಕರಿ ಎಲೆ. ಆಟೋದವರು ಹಸಿ ಕಸ, ಒಣ ಕಸ ತಗೋತಾರೆ. ಎಲೆ ಮೂಟೆ ನೋಡಿದ್ರೆ ‘ಇದು ಆಗಲ್ಲ ಸಾರ್’ ಅಂತಾರೆ. ಹೋದ ವಾರ ಯಾರೋ ಒಬ್ಬರು 300 ರೂಪಾಯಿ ತಗೊಂಡು ಆರು ಮೂಟೆ ಒಯ್ದರು. ಸಂಜೆ ನೋಡಿದ್ರೆ ಬೀದಿ ಕೊನೆಯ ಖಾಲಿ ಸೈಟಲ್ಲಿ ಹೊಗೆ. ಉರೀತಿದ್ದದ್ದು ನಮ್ಮದೇ ಮೂಟೆಗಳು. ನಾವಿಬ್ಬರೂ 6.45ಕ್ಕೆ ಮನೆ ಬಿಡ್ತೀವಿ, ಆಟೋ ಬರೋದು 8ಕ್ಕೆ. ಅನುಭವ ಇರೋರು ಹೇಳಿ.

ಬಸವನಗುಡಿಯಿಂದ:
ಆಟೋದವರ ಮೇಲೆ ಕೋಪ ಬೇಡ. ಗಿಡಮರದ ಕಸವನ್ನು ಮನೆಯವರೇ ತಮ್ಮ ಆವರಣದಲ್ಲಿ ಬೇರೆ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಹೇಳಿದ ಹಾಗೆ ವಿಲೇವಾರಿ ಮಾಡ್ಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು. ಬೀದಿಯಲ್ಲಿ, ಖಾಲಿ ಜಾಗದಲ್ಲಿ ಸುಡಬಾರದು ಅನ್ನೋದೂ ಅದರಲ್ಲೇ ಇತ್ತು. ಆ 300 ರೂಪಾಯಿ ಇನ್ನು ಮುಂದೆ ಕೊಡಬೇಡಿ.

ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹಾರ್ಡ್‌ವೇರ್ ಅಂಗಡಿಯಲ್ಲಿ 4 ಅಡಿ ಎತ್ತರದ ತಂತಿ ಜಾಲರಿ ತಗೊಳ್ಳಿ, 10 ಅಡಿ ಉದ್ದ ಸಾಕು. ದುಂಡಗೆ ಸುತ್ತಿ ಎರಡು ತುದಿ ಕಟ್ಟಿದ್ರೆ ಸುಮಾರು 3 ಅಡಿ ಅಗಲದ ಪಂಜರ ಆಗುತ್ತೆ, ಎಲೆ ಅದರೊಳಗೇ ಕರಗಿ ಗೊಬ್ಬರವಾಗುತ್ತೆ. ನೆಲ ಅಗೆಯೋದು ಬೇಡ, ಗೋಡೆ ಮುಟ್ಟೋದು ಬೇಡ, ಮನೆ ಬಿಡುವಾಗ ಮಡಚಿ ಒಯ್ಯಬಹುದು. ಬಾಡಿಗೆದಾರರಿಗೆ ಇದಕ್ಕಿಂತ ಏನು ಬೇಕು. ತೀರಾ ಚಿಕ್ಕದು ಮಾಡಬೇಡಿ, ರಾಶಿ ಕಡಿಮೆಯಾದ್ರೆ ಒಳಗೆ ಕಾವು ಹುಟ್ಟಲ್ಲ, ಎಲೆ ಎಲೆಯಾಗೇ ಇರುತ್ತೆ.

ಒಂದಡಿ ಎಲೆ, ಅದರ ಮೇಲೆ ಸಗಣಿ ನೀರು. ಸಗಣಿ ಸಿಗದಿದ್ರೆ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಚಿಮುಕಿಸಿ. ಮತ್ತೆ ಎಲೆ, ಮತ್ತೆ ನೀರು. ಒಳಗಿನ ಎಲೆಯನ್ನು ಮುಷ್ಟಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬರ್ಬೇಕು, ಧಾರೆ ಬರಬಾರದು. ಎಲ್ಲರೂ ತಪ್ಪೋದು ಇಲ್ಲೇ: ಎಲೆ ತುಂಬಿ ಮರೆತುಬಿಡ್ತಾರೆ, ಬೇಸಿಗೆಯಲ್ಲಿ ಒಣಗಿ ನಿಂತುಬಿಡುತ್ತೆ, ಆಮೇಲೆ ‘ಕಾಂಪೋಸ್ಟ್ ಎಲ್ಲ ಸುಳ್ಳು’ ಅಂತಾರೆ. ಹದಿನೈದು ದಿನಕ್ಕೊಮ್ಮೆ ಕೋಲಿಂದ ಕೆದಕಿ. ನಮ್ಮಲ್ಲಿ ಹೊಂಗೆ ಎಲೆ ಐದು ತಿಂಗಳಿಗೆ ಕರಗಿತು. ಮಾವಿನೆಲೆ ಮೊಂಡು, ಮೇಲೆ ಮೇಣ ಇದೆ. ಒಣಗಿದ ಮೇಲೆ ಗೋಣಿಚೀಲಕ್ಕೆ ತುಂಬಿ ಕಾಲಲ್ಲಿ ತುಳಿದು ಪುಡಿ ಮಾಡಿ ಹಾಕಿ. ಮಕ್ಕಳಿದ್ರೆ ಈ ಕೆಲಸ ಅವರದ್ದು.

ಇನ್ನೊಂದು ಮಾತು. ಹೊಂಗೆ ಯುಗಾದಿ ಹೊತ್ತಿಗೆ ಚಿಗುರಿ ನಿಲ್ಲುತ್ತೆ. ಎರಡು ಮಂಕರಿ ಲೆಕ್ಕ ವರ್ಷವಿಡೀ ಇರಲ್ಲ, ಹೆದರಬೇಡಿ.

ಶಿರಸಿ ಕಡೆಯವರು, ಈಗ ಬೆಂಗಳೂರು:
ನಮ್ಮೂರಲ್ಲಿ ಈ ಉದುರೆಲೆಗೆ ದರಕು ಅಂತೀವಿ. ಅದನ್ನು ಗುಡಿಸಿ ತರೋಕೆ ಬೆಟ್ಟಕ್ಕೆ ಹೋಗ್ತಾರೆ, ಕೊಟ್ಟಿಗೆಗೆ ಹಾಸ್ತಾರೆ, ಅದೇ ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತೆ. ಅಮ್ಮ ಇಲ್ಲಿಗೆ ಬಂದಾಗ ಪಾರ್ಕಿನ ಗೇಟ್ ಮುಂದೆ ಸಾಲಾಗಿಟ್ಟ ಎಲೆ ಮೂಟೆ ನೋಡಿ ‘ಯಾರದ್ದೋ ಮರೆತು ಹೋಗಿದ್ದಾರೆ, ಎತ್ತಿಕೊಂಡು ಹೋಗೋಣವಾ?’ ಅಂತ ಕೇಳಿದ್ದರು.

ಎಲೆ ಪೂರ್ತಿ ಪಂಜರಕ್ಕೆ ಹಾಕಬೇಡಿ, ಎರಡು ಮೂಟೆ ಒಣಗಿಸಿ ಎತ್ತಿಡಿ. ಹಸಿ ಕಸಕ್ಕೆ ಬೇರೆ ಬಕೆಟ್ಟೋ ಗಡಿಗೆಯೋ ಇಟ್ಟು, ಅಡುಗೆಮನೆಯ ಸಿಪ್ಪೆ ಒಂದು ಪಾಲಿಗೆ ಪುಡಿ ಎಲೆ ಎರಡು ಪಾಲು, ಪದರ ಪದರವಾಗಿ. ವಾಸನೆ ಬಂತಾ, ಇನ್ನೂ ಎರಡು ಮುಷ್ಟಿ ಎಲೆ ಹಾಕಿ. ಎಲೆ ಇಲ್ಲದವರು ಇದಕ್ಕೋಸ್ಕರ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕೊಂಡು ತರ್ತಾರೆ. ನಿಮಗೆ ಮರವೇ ಕೊಡ್ತಿದೆ. ಹಸಿ ಕಸ ಮನೆಯಲ್ಲೇ ಕರಗಿದ್ರೆ 8 ಗಂಟೆಯ ಆಟೋ ತಾಪತ್ರಯವೂ ಅರ್ಧ ಮುಗೀತು.

ಧಾರವಾಡದಿಂದ:
ಎಲ್ಲಾರೂ ಹಗೂರ ಐತಿ ಅಂತ ಹೇಳ್ಲಿಕ್ಕತ್ತಾರ, ನಾ ಆಗಿದ್ದ ಹೇಳ್ತೀನ್ರಿ. ಮೂರು ಗಡಿಗಿ ತಂದು ಇಟ್ಟಿದ್ವಿ, ಒಂದ ತಿಂಗಳಾಗ ಹೆಗ್ಗಣ ಬಂದ್ವು. ತಪ್ಪು ನಮ್ದ. ಉಳಿದ ಅನ್ನ, ಸಾರು ಎಲ್ಲಾ ಅದರಾಗ ಸುರೀತಿದ್ವಿ. ಈಗ ಕಾಯಿಪಲ್ಲೆ ಸಿಪ್ಪಿ, ಚಾಪುಡಿ, ದೇವರ ಹೂವು ಇಷ್ಟ. ಬೇಯಿಸಿದ್ದು ಗಾಡಿಗೆ ಕೊಡ್ತೀವಿ. ಬಿಳೀ ಹುಳ ಕಂಡ್ರ ಅಂಜಬ್ಯಾಡ್ರಿ, ಅವು ತಿಂದ ಕರಗಸ್ತಾವು. ಖರೇ ಹೇಳಬೇಕಂದ್ರ ನಮ್ಮ ಮನಿಯವರು ಇನ್ನೂ ಆ ಕಡೆ ಹೋಗಂಗಿಲ್ಲ.

ವಿಜಯನಗರದಿಂದ:
ಎಲೆ ಬಗ್ಗೆ ಮೇಲಿನವರು ಹೇಳಿದ್ದಾಯ್ತು. ಉಳಿದದ್ದಕ್ಕೆ ಹೈಕೋರ್ಟ್ 2015ರಲ್ಲಿ ಕಡ್ಡಾಯ ಮಾಡಿದ ‘ಎರಡು ಬುಟ್ಟಿ, ಒಂದು ಚೀಲ’ವೇ ಸಾಕು. ಹಸಿರು ಬುಟ್ಟಿಗೆ ಹಸಿ ಕಸ, ಪ್ಲಾಸ್ಟಿಕ್ ಕವರ್ ಇಲ್ಲದೆ. ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್, ಪೇಪರಲ್ಲಿ ಸುತ್ತಿ. ಚೀಲಕ್ಕೆ ಒಣ ಕಸ. ಒಣ ಕಸ ಕೊಳೆಯಲ್ಲ, ಹದಿನೈದು ದಿನ ಇಟ್ಟುಕೊಂಡು ರಜೆ ದಿನ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ನೀವೇ ಕೊಟ್ಟು ಬರಬಹುದು. ಹಾಲಿನ ಕವರ್ ತೊಳೆದು ಒಣಗಿಸಿ. ಕತ್ತರಿಸುವಾಗ ಮೂಲೆಯ ಚೂರು ಬೇರೆ ಆಗದ ಹಾಗೆ ಕತ್ತರಿಸಿ, ಆ ಚೂರನ್ನು ಆರಿಸೋದು ಯಾರ ಕೈಲೂ ಆಗಲ್ಲ. ರಟ್ಟು, ಪೇಪರ್ ಗುಜರಿಯವರು ಕೊಳ್ತಾರೆ, ಚಿಪ್ಸ್ ಪ್ಯಾಕೆಟ್ ಮುಟ್ಟಲ್ಲ. ಒಡೆದ ಗಾಜನ್ನು ಪೇಪರಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ ‘ಗಾಜು’ ಅಂತ ಬರೆದು ಕೈಗೇ ಕೊಡಿ. ನಮ್ಮ ಬೀದಿಯ ಪೌರಕಾರ್ಮಿಕ ಮಹಿಳೆಯ ಅಂಗೈ ಗಾಯ ನೋಡಿದ ಮೇಲೆ ಬಂದ ಬುದ್ಧಿ ಇದು.

ಬಾಡಿಗೆ ಮನೆ ಅಂದ್ರಿ. 2025ರ ಏಪ್ರಿಲ್‌ನಿಂದ ಬೆಂಗಳೂರಲ್ಲಿ ಕಸದ ಶುಲ್ಕ ಆಸ್ತಿ ತೆರಿಗೆ ಜೊತೆ ಸೇರಿದೆ. 600 ಚದರಡಿವರೆಗೆ ತಿಂಗಳಿಗೆ 10 ರೂಪಾಯಿ, ಮನೆ ದೊಡ್ಡದಾದ ಹಾಗೆ ಏರುತ್ತೆ. ಯಾರು ಕಟ್ಟೋದು ಅಂತ ಓನರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ ಕೇಳಿದವರು, ಒಂದು ತಿಂಗಳ ನಂತರ:
ಪಂಜರ ನಿಂತಿದೆ. ತುಂಬಿ ತುಳುಕ್ತಿದ್ದದ್ದು ಈಗ ಅರ್ಧಕ್ಕೆ ಕುಸಿದಿದೆ. ಬೆಳಿಗ್ಗೆ ಕೈ ಇಟ್ಟರೆ ಒಳಗೆ ಬೆಚ್ಚಗೆ. ಹಸಿ ಕಸಕ್ಕೆ ತಳ ತೂತು ಮಾಡಿದ ಹಳೇ ಪೇಂಟ್ ಬಕೆಟ್ ಎರಡು ಇಟ್ಟಿದ್ದೀವಿ. ಉಳಿದ ಅನ್ನ ಇತ್ಯಾದಿ ಎದುರು ಮನೆ ಅಜ್ಜಿ ಹತ್ತಿರ ಬಿಟ್ಟು ಹೋಗ್ತೀವಿ, ಅವರು ಆಟೋಗೆ ಹಾಕ್ತಾರೆ. ಈಗ ಓನರ್ ಬಂದು ನೋಡಿ ‘ಗೆದ್ದಲು ಹತ್ತುತ್ತೆ, ತೆಗೀರಿ’ ಅಂತಿದ್ದಾರೆ. ನಿಜವಾ?

ಬಸವನಗುಡಿಯಿಂದ:
ಒಣ ಎಲೆ ಹಾಗೇ ನೆಲದ ಮೇಲೆ ಬಿದ್ದಿದ್ರೆ ಹತ್ತುತ್ತೆ, ಓನರ್ ಹೇಳೋದು ಪೂರ್ತಿ ಸುಳ್ಳಲ್ಲ. ಪಂಜರ ಗೋಡೆಯಿಂದ ನಾಲ್ಕಡಿ ದೂರ ಇರಲಿ, ಕಿಟಕಿ ಬಾಗಿಲಿನ ಮರದ ಹತ್ತಿರ ಬೇಡವೇ ಬೇಡ. ಒದ್ದೆಯಾಗಿಟ್ಟು ಆಗಾಗ ಕೆದಕ್ತಿದ್ರೆ ನನ್ನ ಪಂಜರಕ್ಕೆ ಇವತ್ತಿನವರೆಗೆ ಗೆದ್ದಲು ಬಂದಿಲ್ಲ. ಎತ್ತಿಟ್ಟ ಒಣ ಮೂಟೆಗಳೇ ಅಪಾಯ, ಅವನ್ನು ಇಟ್ಟಿಗೆ ಮೇಲೆ ಇಡಿ. ಗೊಬ್ಬರ ಆದ ಮೇಲೆ ಓನರ್ ಮನೆ ಕುಂಡಗಳಿಗೆ ಒಂದು ಚೀಲ ಕಳಿಸಿಕೊಡಿ.