125 ಸಿಸಿ ಬೈಕ್‌ಗೆ ಎಬಿಎಸ್ ಬೇಕಾ? ಮಲೆನಾಡು ಮಳೆ ರೋಡಲ್ಲಿ ಓಡಿಸೋರು ಹೇಳಿ

ತೀರ್ಥಳ್ಳಿ_ಹುಡುಗ:
ಎಲ್ಲರಿಗೂ ನಮಸ್ಕಾರ. ಹೊಸ ಗಾಡಿ ತಗೋಬೇಕು ಅಂತ ಇದೀನಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಕೆಲ್ಸಕ್ಕೆ ಹೋಗಿ ಬರೋದು, ರಜೆ ಇದ್ರೆ ಆಗುಂಬೆ ಕಡೆ ಅಜ್ಜಿ ಮನೆಗೆ, ಅದು ಬಿಟ್ರೆ ನಮ್ಮನೆಯಿಂದ ಟಾರ್ ರೋಡ್ ತನಕ ಮಣ್ಣು ದಾರಿ ಇದೆ. ನೋಡಿರೋದು ಮೂರು. ಒಂದು ಮಾಮೂಲಿ 125, ಸಿಬಿಎಸ್ (ಒಂದು ಬ್ರೇಕ್ ಹಿಡಿದ್ರೆ ಎರಡೂ ಚಕ್ರಕ್ಕೆ ಹಿಡಿಯೋದು) ಇರೋದು. ಎರಡನೇದು ಹೀರೋ ಎಕ್ಸ್‌ಟ್ರೀಮ್ 125ಆರ್, ಸಿಂಗಲ್ ಚಾನೆಲ್ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದ್ರೂ ಮುಂದಿನ ಚಕ್ರ ಲಾಕ್ ಆಗಿ, ಅಂದ್ರೆ ತಿರುಗೋದು ನಿಂತು, ಜಾರದಂಗೆ ನೋಡ್ಕೊಳ್ಳೋದು) ಇರೋ ಮಾಡೆಲ್. ಮೂರನೇದು ನಮ್ಮ ಸೋದರಮಾವನ ಹತ್ರ ಇರೋ 2017ರ 150 ಸಿಸಿ, ಎಬಿಎಸ್ ಇಲ್ಲ, ಆದ್ರೆ ಗಾಡಿ ಚೆನ್ನಾಗಿ ಇಟ್ಕೊಂಡಿದಾರೆ, ಕಮ್ಮಿಗೆ ಕೊಡ್ತಾರೆ. ಅಪ್ಪ ಹೇಳೋದು ನಾವೆಲ್ಲ ಡ್ರಮ್ ಬ್ರೇಕಲ್ಲೇ ಘಾಟಿ ಇಳಿದವ್ರು, ಅದಕ್ಯಾಕೆ ಸುಮ್ನೆ ಸಾವಿರಾರು ರೂಪಾಯಿ ಜಾಸ್ತಿ ಅಂತ. ಶೋರೂಮ್‌ನವ್ರು ಎಬಿಎಸ್ ಇದ್ರೆ ಗಾಡಿ ಬೀಳೋದೇ ಇಲ್ಲ ಅಂತಾರೆ, ಅದೂ ನಂಬೋಕಾಗಲ್ಲ. ನಿಜವಾಗ್ಲೂ ಓಡಿಸಿದವ್ರು ಹೇಳಿ, ಏನು ವ್ಯತ್ಯಾಸ?

ಸಾಗರದ ಮೆಕ್ಯಾನಿಕ್:
ತಮ್ಮಾ, ಗ್ಯಾರೇಜ್ ನಡೆಸೋನು ನಾನು, ಬಿದ್ದ ಗಾಡಿಗಳು ನನ್ನ ಹತ್ರನೇ ಬರ್ತವೆ, ಅದಕ್ಕೆ ಹೇಳ್ತಿದೀನಿ. ಬ್ರೇಕ್ ಒತ್ತಿದ ಕೂಡ್ಲೇ ಗಾಡಿ ಭಾರ ಎಲ್ಲ ಮುಂದಿನ ಚಕ್ರದ ಮೇಲೆ ಬರುತ್ತೆ, ಗಾಡಿ ನಿಲ್ಸೋ ಕೆಲ್ಸ ಜಾಸ್ತಿ ಮಾಡೋದು ಮುಂದಿನ ಬ್ರೇಕೇ. ಹಿಂದಿನ ಚಕ್ರ ಲಾಕ್ ಆದ್ರೆ ಬಾಲ ಆಡ್ಸುತ್ತೆ, ಪೆಡಲ್ ಬಿಟ್ರೆ ಎಷ್ಟೋ ಸಲ ಸರಿಹೋಗುತ್ತೆ. ಮುಂದಿನ ಚಕ್ರ ಲಾಕ್ ಆದ್ರೆ ಹ್ಯಾಂಡಲ್ ಇದ್ರೂ ಇಲ್ದಂಗೆ, ಕಣ್ಣು ಮಿಟುಕಿಸೋದ್ರೊಳಗೆ ಕೆಳಗಿರ್ತೀವಿ. ಸಿಂಗಲ್ ಚಾನೆಲ್ ಕಾಪಾಡೋದು ಆ ಮುಂದಿನ ಚಕ್ರನ. ಡಿಸ್ಕ್ ಪಕ್ಕದಲ್ಲಿ ತೂತು ತೂತು ಇರೋ ಒಂದು ರಿಂಗ್ ಇರುತ್ತೆ, ಅದನ್ನ ಸೆನ್ಸರ್ ಓದ್ತಾ ಇರುತ್ತೆ, ಚಕ್ರ ನಿಂತೇ ಹೋಗ್ತಿದೆ ಅಂತ ಗೊತ್ತಾದ್ರೆ ಬ್ರೇಕ್ ಪ್ರೆಷರ್ ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡುತ್ತೆ, ಸೆಕೆಂಡಿಗೆ ಎಷ್ಟೋ ಸಲ. ಅಷ್ಟು ಬೇಗ ನಮ್ಮ ಕೈಯಲ್ಲಿ ಆಗಲ್ಲ.

ಸಿಬಿಎಸ್ ಬೇರೆ ಕಥೆ. ಹಿಂದಿನ ಬ್ರೇಕ್ ತುಳಿದ್ರೆ ಮುಂದಿಂದೂ ಸ್ವಲ್ಪ ಹಿಡಿಯುತ್ತೆ ಅಷ್ಟೇ. ಬರೀ ಹಿಂದಿನ ಬ್ರೇಕ್ ತುಳಿಯೋ ಅಭ್ಯಾಸ ಇರೋರಿಗೆ ಒಳ್ಳೇದೇ, ಆದ್ರೆ ಚಕ್ರ ಲಾಕ್ ಆಗೋದನ್ನ ತಡೆಯಲ್ಲ. ಎರಡೂ ಒಂದೇ ಅನ್ನೋ ಥರ ಮಾತಾಡಿ ಮಾರ್ತಾರೆ, ಹುಷಾರು.

ಕಾಫಿ ತೋಟ ರೈಡರ್:
ನಾನು ಸ್ವಲ್ಪ ಬೇರೆ ಹೇಳ್ತೀನಿ. ನಮ್ದು ಕೊಪ್ಪ ಕಡೆ ತೋಟ, ಇಳಿಜಾರು ಮಣ್ಣು ರಸ್ತೆ. ಸಡಿಲ ಜಲ್ಲಿ ಮೇಲೆ, ಕೆಸರಲ್ಲಿ ಇಳಿಯೋವಾಗ ಎಬಿಎಸ್ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುತ್ತೆ, ಗಾಡಿ ನಾವು ಅಂದ್ಕೊಂಡಿದ್ದಕ್ಕಿಂತ ಮುಂದೆ ಹೋಗಿ ನಿಲ್ಲುತ್ತೆ. ಎಬಿಎಸ್ ಇಲ್ದೇ ಚಕ್ರ ಲಾಕ್ ಆದ್ರೆ ಟೈರ್ ಮುಂದೆ ಮಣ್ಣು ಗುಡ್ಡೆ ಆಗಿ ತಡೆಯುತ್ತೆ, ಅದಕ್ಕೇ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ ಬಿಎಸ್6 ಮಾಡೆಲ್ ಬಂದಾಗ ಹಿಂದಿನ ಎಬಿಎಸ್ ಆಫ್ ಮಾಡೋಕೆ ಸ್ವಿಚ್ ಕೊಟ್ರು. ಹಂಗಾಗಿ ಮನೆ ಮುಂದಿನ ಮಣ್ಣು ದಾರಿ ಎಷ್ಟು ಉದ್ದ, ಎಷ್ಟು ಇಳಿಜಾರು ನೋಡ್ಕೊಳ್ಳಿ.

ಸಾಗರದ ಮೆಕ್ಯಾನಿಕ್:
ಸರ್, ನೀವು ಹೇಳೋದು ಸರಿ, ಆದ್ರೆ ಈ ಹುಡುಗ ನೋಡ್ತಿರೋ ಗಾಡೀಲಿ ಹಿಂದೆ ಡ್ರಮ್, ಅದಕ್ಕೆ ಎಬಿಎಸ್ ಇಲ್ಲ. ಮಣ್ಣು ದಾರೀಲಿ ನಿಧಾನಕ್ಕೆ ಹಿಂದಿನ ಬ್ರೇಕ್ ಹಿಡ್ಕೊಂಡೇ ಇಳೀಬಹುದು, ಅಷ್ಟು ತೊಂದ್ರೆ ಬರಲ್ಲ. ಜಾಸ್ತಿ ಓಡಿಸೋದು ತೀರ್ಥಹಳ್ಳಿ-ಶಿವಮೊಗ್ಗ ಹೈವೇ ಎನ್‌ಎಚ್ 169ರಲ್ಲಿ ಅಲ್ವಾ.

ಮಂಡಗದ್ದೆ_ಅಕ್ಕ:
ಅದೇ ರೋಡಲ್ಲಿ ನಾನೂ ದಿನಾ ಓಡಾಡ್ತೀನಿ, ಅದಕ್ಕೆ ಬರೀತಿದೀನಿ ತಮ್ಮ. ಜೂನ್ ಜುಲೈನಲ್ಲಿ ಆ ರೋಡ್ ಹೆಂಗಿರುತ್ತೆ ನಿಂಗೂ ಗೊತ್ತು. ಮರದ ಕೆಳಗೆ ಟಾರ್ ಮೇಲೆ ಪಾಚಿ, ಅದರ ಮೇಲೆ ಒದ್ದೆ ದರಗು, ತೋಟದಿಂದ ಬರೋ ಟ್ರಾಕ್ಟರ್ ಟೈರಿನ ಕೆಮ್ಮಣ್ಣು ತಿರುವಲ್ಲೇ ಉದುರಿರುತ್ತೆ, ನೋಡೋಕೆ ಬರೀ ಒದ್ದೆ ರೋಡ್ ಥರ ಕಾಣುತ್ತೆ. 60ರಲ್ಲಿ ಹೋಗ್ತಿದ್ರೆ ಒಂದು ಸೆಕೆಂಡಿಗೆ ಹತ್ರ ಹತ್ರ 17 ಮೀಟರ್ ಮುಂದೆ ಹೋಗಿರ್ತೀವಿ, ದನ ಅಡ್ಡ ಬಂದಾಗ ಮೆತ್ತಗೆ ಬ್ರೇಕ್ ಹಿಡೀಬೇಕು ಅಂತ ಯೋಚನೆ ಮಾಡೋಕೆ ಟೈಮೇ ಸಿಗಲ್ಲ, ಕೈ ತಾನಾಗೇ ಬಿಗಿಯಾಗಿ ಹಿಡಿಯುತ್ತೆ. ಎಬಿಎಸ್ ಬೇಕಾಗಿರೋದು ಆ ಒಂದು ಕ್ಷಣಕ್ಕೆ. ನನ್ನ ಗಾಡೀಲಿ ಆ ಥರ ಹಿಡಿದಾಗ ಲಿವರ್ ಬೆರಳಿಗೆ ಟಕಟಕ ಅಂತ ಹೊಡ್ಕೊಳ್ತು, ಗಾಡಿ ನೆಟ್ಟಗೇ ಇತ್ತು, ದನದ ಬಾಲದ ಹಿಂದಿಂದ ತಿರುಗಿಸ್ಕೊಂಡು ಹೋಗೋಕಾಯ್ತು.

ಅಪ್ಪಾಜಿಗೆ ಹೇಳು, ಅವ್ರು ಘಾಟಿ ಇಳಿದಿದ್ದು ನಿಜ, ಆದ್ರೆ ಆಗ ಇಷ್ಟು ಸ್ಪೀಡೂ ಇರ್ಲಿಲ್ಲ, ರೋಡಲ್ಲಿ ಇಷ್ಟು ಕಾರೂ ಇರ್ಲಿಲ್ಲ. ಆದ್ರೆ ಒಂದು, ತಿರುವಲ್ಲಿ ಗಾಡಿ ವಾಲಿಸಿರೋವಾಗ ಜೋರಾಗಿ ಬ್ರೇಕ್ ಹಿಡಿದ್ರೆ ಈ ಎಬಿಎಸ್ ನಂಬ್ಕೋಬೇಡ. ಅದು ನೆಟ್ಟಗೆ ಹೋಗೋವಾಗಿನ ಆಸರೆ. ಆಗುಂಬೆ ತಿರುವುಗಳಲ್ಲಿ ಮೊದ್ಲೇ ಗೇರ್ ಇಳ್ಸಿ, ಸ್ಪೀಡ್ ಇಳ್ಸಿಕೊಂಡೇ ಒಳಗೆ ಹೋಗ್ಬೇಕು.

ತೀರ್ಥಳ್ಳಿ_ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ಮಾವನ ಗಾಡಿ ಬೇಡ ಅಂತ ಮನಸ್ಸಾಯ್ತು. ಆದ್ರೂ ಕೇಳ್ತೀನಿ, ಸೆಕೆಂಡ್ ಹ್ಯಾಂಡಲ್ಲೇ ಎಬಿಎಸ್ ಇರೋ 150 ಸಿಕ್ಕಿದ್ರೆ? ಅದು ಕೆಟ್ಟೋದ್ರೆ ಬ್ರೇಕೇ ಹಿಡಿಯಲ್ವಾ?

ಸಾಗರದ ಮೆಕ್ಯಾನಿಕ್:
ಎಬಿಎಸ್ ಕೆಟ್ರೂ ಮಾಮೂಲಿ ಡಿಸ್ಕ್ ಬ್ರೇಕ್ ಥರ ಹಿಡಿಯುತ್ತೆ, ಆ ಭಯ ಬೇಡ. 125 ಸಿಸಿ ಮೇಲಿನ ಗಾಡಿಗೆಲ್ಲ 2019 ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಆಯ್ತು, ಹೊಸದಾಗಿ ಬಿಡುಗಡೆ ಆದ ಮಾಡೆಲ್‌ಗಳಿಗೆ ಅದಕ್ಕೂ ಒಂದು ವರ್ಷ ಮುಂಚೆ. 2018ರ ಗಾಡಿ ಅಂದ್ರೆ ಇರಬಹುದು, ಇಲ್ದೇನೂ ಇರಬಹುದು, ಕಣ್ಣಾರೆ ನೋಡು. ಮುಂದಿನ ಚಕ್ರದಲ್ಲಿ ನಾನು ಹೇಳಿದ ರಿಂಗ್ ಇದೆಯಾ, ಸೊಟ್ಟ ಆಗಿದೆಯಾ ನೋಡ್ಬೇಕು, ಪಂಚರ್ ಹಾಕ್ಸೋವಾಗ ಚಕ್ರ ಬಿಚ್ಚಿ ನೆಲಕ್ಕೆ ಬಡಿದು ಬಗ್ಗಿಸಿರ್ತಾರೆ. ಆಮೇಲೆ ಕೀ ಆನ್ ಮಾಡಿದಾಗ ಮೀಟರಲ್ಲಿ ಎಬಿಎಸ್ ಲೈಟ್ ಹತ್ತಬೇಕು, ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಆರ್ಬೇಕು. ಆರ್ಲಿಲ್ಲ ಅಂದ್ರೆ ಏನೋ ಕೆಟ್ಟಿದೆ. ಕೀ ಆನ್ ಮಾಡಿದಾಗ ಲೈಟ್ ಹತ್ತಲೇ ಇಲ್ಲ ಅಂದ್ರೆ ಇನ್ನೂ ಅನುಮಾನ ಪಡು, ಕೆಟ್ಟಿರೋದು ಕಾಣಬಾರ್ದು ಅಂತ ಯಾರೋ ವೈರ್ ತೆಗೆದಿರಬಹುದು. ಎಬಿಎಸ್ ಯೂನಿಟ್ಟೇ ಹೋಗಿದ್ರೆ ಖರ್ಚು ಜೋರು, ಗಾಡಿ ಕಮ್ಮಿಗೆ ಸಿಕ್ಕಿದ್ದೂ ವೇಸ್ಟ್.

ಕಾಫಿ ತೋಟ ರೈಡರ್:
ಟೈರ್ ಬಗ್ಗೆ ಯಾರೂ ಹೇಳ್ಲಿಲ್ಲ. ಮೇಲಿನ ಗೀರೆಲ್ಲ ಸವೆದು ಬೋಳಾದ ಟೈರಿಗೆ ಎಬಿಎಸ್ ಏನೂ ಮಾಡೋಕಾಗಲ್ಲ, ರೋಡ್ ಹಿಡಿಯೋದು ರಬ್ಬರ್ರೇ. ಮಳೆಗಾಲಕ್ಕೆ ಮುಂಚೆ ಟೈರ್ ನೋಡ್ಸಿ, ಗಾಳಿ ಕಂಪನಿ ಹೇಳಿದಷ್ಟೇ ಇಡಿ. ನಾನು ಎಬಿಎಸ್ ಬೇಡ ಅಂದಿದ್ದಲ್ಲ, ನಿಮ್ಮ ರೋಡಿಗೆ ಎಕ್ಸ್‌ಟ್ರೀಮ್ ಎಬಿಎಸ್ ಮಾಡೆಲ್ಲೇ ಸರಿ.

ತೀರ್ಥಳ್ಳಿ_ಹುಡುಗ:
ಸರಿ ಸರ್, ಅದನ್ನೇ ಬುಕ್ ಮಾಡ್ತೀನಿ. ಅಪ್ಪನಿಗೆ ಅಕ್ಕ ಬರೆದಿದ್ದು ಓದಿ ಹೇಳ್ದೆ, ಸರಿ ತಗೋ ಅಂದ್ರು. ಮೇಂಟೆನೆನ್ಸ್ ಏನಾದ್ರೂ ಬೇರೆ ಇದೆಯಾ ಅಂತ ಅವ್ರದ್ದೇ ಪ್ರಶ್ನೆ.

ಸಾಗರದ ಮೆಕ್ಯಾನಿಕ್:
ಜಾಸ್ತಿ ಏನಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು, ಅದು ಗಾಳಿಯ ತೇವ ಎಳ್ಕೊಳ್ಳುತ್ತೆ, ನಮ್ಮ ಕಡೆ ತೇವ ಕೇಳ್ಬೇಕಾ. ಯಾವ ಆಯಿಲ್ ಅಂತ ಹ್ಯಾಂಡಲ್ ಹತ್ರ ಇರೋ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಮೇಲೇ ಬರೆದಿರುತ್ತೆ, ಅದನ್ನೇ ಹಾಕ್ಸು. ಸೆನ್ಸರ್ ಹತ್ರ ಕೆಸರು ಮೆತ್ಕೊಂಡ್ರೆ ನೀರು ಹಾಕಿ ತೊಳಿ, ಸ್ಕ್ರೂಡ್ರೈವರ್ ಹಾಕಿ ಕೆರೀಬೇಡ. ಗಾಡಿ ಮನೆಗೆ ಬಂದ ಮೇಲೆ ಒಂದಿನ ಖಾಲಿ ಮೈದಾನದಲ್ಲಿ ಹೆಲ್ಮೆಟ್ ಹಾಕ್ಕೊಂಡು ನಿಧಾನ ಸ್ಪೀಡಲ್ಲಿ ನೆಟ್ಟಗೆ ಹೋಗಿ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ನೋಡು. ಲಿವರ್ ನಡುಗಿದ್ರೆ ಹೆದರಿ ಬಿಡಬೇಡ, ಗಾಡಿ ನಿಲ್ಲೋ ತನಕ ಹಿಡ್ಕೊಂಡೇ ಇರು.